ಮೆಟಾಡೋರ್‌ಗೆ ಮೂಟೆ ಹೇರುವುದನ್ನು ಕಲಿತದ್ದು

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ತಿರುವುಗಳಿವೆ. 2003ರ ಜುಲೈ ತಿಂಗಳಲ್ಲಿ ಅಂಥ ಒಂದು ತಿರುವಿನ ಮಧ್ಯೆ ನನ್ನ ಮೆಟಾಡೋರ್ ವ್ಯಾನ್ ನಿಂತುಬಿಟ್ಟಿತು. ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಒಂದನೇ ಗೇರ್ ಬಿದ್ದಿತ್ತು. ಒಳಬದಿಯ ಮುಂದಿನ ಚಕ್ರ ಮಾತ್ರ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಅಷ್ಟು ಜೋರು ಮಳೆಯಲ್ಲೂ ರಬ್ಬರ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಉಡುಪಿ ಕಡೆಯಿಂದ ಕುಚ್ಚಲಕ್ಕಿ, ಉಪ್ಪು, ತೆಂಗಿನಕಾಯಿ ತಂದು ತೀರ್ಥಹಳ್ಳಿ ಸುತ್ತಲಿನ ಅಂಗಡಿಗಳಿಗೆ ಹಾಕುವುದು ಆಗ ನನ್ನ ಕೆಲಸ. ಗಾಡಿ ಸೆಕೆಂಡ್ ಹ್ಯಾಂಡ್. ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಹಿಂದಿನ ಬಾಗಿಲಿನಿಂದ ಇಳಿಸಲು ಸುಲಭವಾಗಲಿ ಅಂತ ಅಕ್ಕಿ ಮೂಟೆಗಳನ್ನೆಲ್ಲ ಬಾಗಿಲ ಹತ್ತಿರವೇ ಪೇರಿಸಿದ್ದೆ. ಮುಂದೆ ಇದ್ದದ್ದು ಬಿಸ್ಕತ್ತಿನ ಪೆಟ್ಟಿಗೆಗಳು.

ಹಿಂದೆ ನಿಂತ ಜೀಪಿನಿಂದ ವಯಸ್ಸಾದ ಡ್ರೈವರ್ ಒಬ್ಬರು ಇಳಿದು ಬಂದರು. ಹಿಂದಿನ ಬಾಗಿಲು ತೆಗೆಸಿ ಒಮ್ಮೆ ಒಳಗೆ ನೋಡಿದರು. “ಇದು ಮುಂದಿನಿಂದ ಎಳೆಯೋ ಗಾಡಿ ಮಾರಾಯ್ರೆ, ಮೂತಿ ಎತ್ತಿದ್ರೆ ಹೇಗೆ ಹತ್ತುತ್ತೆ? ಮೂಟೆ ಮುಂದೆ ಹಾಕಿ” ಅಂದರು. ಚಕ್ರಕ್ಕೆ ಕಲ್ಲು ಕೊಟ್ಟು ಇಬ್ಬರೂ ಸೇರಿ ಒಂಬತ್ತು ಮೂಟೆಗಳನ್ನು ಸೀಟಿನ ಹಿಂದಿನ ತಡಿಕೆಗೆ ಒತ್ತಿ ಇಟ್ಟೆವು. ಆಮೇಲೆ ಕ್ಲಚ್ ನಿಧಾನಕ್ಕೆ ಬಿಟ್ಟೆ. ಗಾಡಿ ಒಂದು ಸಲ ಕೊಸರಿಕೊಂಡು ಹತ್ತಿಯೇಬಿಟ್ಟಿತು.

ಮನೆಗೆ ಬಂದ ಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಸುಮ್ನೆ ಲೆಕ್ಕಕ್ಕೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 240 ಸೆಂಟಿಮೀಟರ್ ಎಂದುಕೊಳ್ಳಿ. ಹಿಂದಿನ ಚಕ್ರದಿಂದ ಇನ್ನೂ 60 ಸೆಂಟಿಮೀಟರ್ ಹಿಂದಕ್ಕೆ 50 ಕಿಲೋ ಮೂಟೆ ಇಟ್ಟರೆ ಅದು ತಕ್ಕಡಿಯ ಹಾಗೆ ಮುಂದಿನ ಚಕ್ರದ ಮೇಲಿಂದ 12.5 ಕಿಲೋ ಎತ್ತಿಬಿಡುತ್ತದೆ. ಅಂಥ ಹತ್ತು ಮೂಟೆಗೆ 125 ಕಿಲೋ. ಅದೇ ಮೂಟೆ ಎರಡೂ ಚಕ್ರಗಳ ನಟ್ಟನಡುವೆ ಇದ್ದರೆ ಮುಂದಿನ ಚಕ್ರಕ್ಕೆ 25 ಕಿಲೋ ಸಿಗುತ್ತದೆ. ಇದರ ಮೇಲೆ ಏರು ಬೇರೆ. ಏರು ಹತ್ತುವಾಗ ಗಾಡಿಯ ಭಾರ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಹಿಂದಿನ ಚಕ್ರದಿಂದ ತಳ್ಳುವ ಲಾರಿಗೆ ಅದು ಅನುಕೂಲ, ನಮ್ಮ ಗಾಡಿಗೆ ನಷ್ಟ. ತಿರುವಿನಲ್ಲಿ ಒಳಬದಿಯ ಚಕ್ರ ಇನ್ನಷ್ಟು ಹಗುರಾಗುತ್ತದೆ. ಒಂದು ಚಕ್ರ ಜಾರಿದರೆ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ, ಇನ್ನೊಂದು ಚಕ್ರಕ್ಕೂ ಹೆಚ್ಚು ಬಲ ಕೊಡುವುದಿಲ್ಲ.

ಹಾಗಾದರೆ ಸಾಮಾನು ಸಾಗಿಸುವ ಗಾಡಿಗೆ ಯಾಕೆ ಮುಂದಿನ ಚಕ್ರದ ಎಳೆತ? ಉತ್ತರ ಗಾಡಿಯ ನೆಲದಲ್ಲಿದೆ. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಮುಂದೆಯೇ ಮುಗಿಯುತ್ತದೆ. ಹಿಂದಕ್ಕೆ ಹೋಗುವ ಉದ್ದದ ಶಾಫ್ಟ್ ಇಲ್ಲ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್‌ನ ಗುಂಡನೆಯ ಗಡ್ಡೆಯೂ ಇಲ್ಲ. ಹೀಗಾಗಿ ಹಲಗೆಯನ್ನು ಎಷ್ಟು ಬೇಕೋ ಅಷ್ಟು ಕೆಳಗೆ ತರಬಹುದು. ನನ್ನ ಗಾಡಿಯ ನೆಲ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ದಿನಕ್ಕೆ 40 ಮೂಟೆ ಇಳಿಸುವವನಿಗೆ ಈ ತಗ್ಗು ನೆಲದಿಂದ ಆಗುವ ವ್ಯತ್ಯಾಸ ಏನು ಅಂತ ಸಂಜೆ ಸೊಂಟ ಹೇಳುತ್ತದೆ.

ಈ ಯೋಚನೆ ಹಳೆಯದು. ಫ್ರಾನ್ಸಿನ ಸಿಟ್ರೊಯೆನ್ 1939ರಲ್ಲಿ ಟಿಯುಬಿ ಎಂಬ ವ್ಯಾನ್ ಮಾಡಿತು, ಯುದ್ಧ ಮುಗಿದ ಮೇಲೆ 1947ರಲ್ಲಿ ಎಚ್ ವ್ಯಾನ್ ತೋರಿಸಿತು. ನಮ್ಮ ಮೆಟಾಡೋರ್‌ನ ಬೇರು ಇರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಅಲ್ಲಿನ ವಿಡಾಲ್ ಕಂಪನಿಯ ಗಾಡಿಗಳ ಹೆಸರು ಟೆಂಪೋ. ನಾವು ಎಲ್ಲ ಸಾಮಾನು ಗಾಡಿಗೂ ಟೆಂಪೋ ಅಂತೀವಲ್ಲ, ಅದು ಬಂದದ್ದು ಇಲ್ಲಿಂದಲೇ. 1949ರಲ್ಲಿ ಅವರು ಮೊದಲ ಮೆಟಾಡೋರ್ ಹೊರತಂದರು. ಅದರಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 25 ಅಶ್ವಶಕ್ತಿಯ ಇಂಜಿನ್, ಎಳೆಯುತ್ತಿದ್ದದ್ದು ಮುಂದಿನ ಚಕ್ರ. ಮರುವರ್ಷ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ತಂದಿತು. ಇಂಜಿನ್ ಅದೇ, ಆದರೆ ಇಟ್ಟದ್ದು ಹಿಂದೆ. ಹಿಂಬದಿಯಲ್ಲಿ ಸಾಮಾನನ್ನು ಆ ಇಂಜಿನ್ ಪೆಟ್ಟಿಗೆಯ ಮೇಲಕ್ಕೆ ಎತ್ತಿ ಇಡಬೇಕು. ಮೂಟೆ ಹೊರುವವನಾಗಿ ಕೇಳಿದರೆ ನನ್ನ ವೋಟು ಹ್ಯಾಂಬರ್ಗ್‌ನವರಿಗೇ. ಮುಂದೆ ಟೆಂಪೋ ಹ್ಯಾನೊಮಾಗ್ ಕೈಗೆ ಹೋಯಿತು, ಆಮೇಲೆ ಮರ್ಸಿಡಿಸ್ ಹೆಸರಿನಲ್ಲೂ ಆ ವ್ಯಾನ್ ಮಾರಾಟವಾಯಿತು. ನಮ್ಮಲ್ಲಿ ಅದನ್ನು ಮಾಡಿದ್ದು ಪುಣೆಯ ಬಜಾಜ್ ಟೆಂಪೋ, ಈಗಿನ ಫೋರ್ಸ್ ಮೋಟರ್ಸ್. ನನ್ನ ಗಾಡಿಯಲ್ಲಿ ಇದ್ದದ್ದು ಮರ್ಸಿಡಿಸ್ ಲೈಸೆನ್ಸಿನ 2.4 ಲೀಟರ್ ಒಎಂ 616 ಡೀಸೆಲ್ ಇಂಜಿನ್. ಅದರ ತಂಟೆಗೆ ನಾನು ಹೋಗಬೇಕಾಗಿ ಬಂದದ್ದು ತುಂಬಾ ಕಡಿಮೆ.

ಜಾಸ್ತಿ ಕೈ ಹಾಕಿದ್ದು ಆಕ್ಸಲ್ ಜಾಯಿಂಟಿಗೆ. ಮುಂದಿನ ಚಕ್ರ ಎಳೆಯಲೂ ಬೇಕು, ತಿರುಗಲೂ ಬೇಕು. ಲಾರಿಯ ಶಾಫ್ಟಿನಲ್ಲಿರುವ ಸಾಮಾನ್ಯ ಕ್ರಾಸ್ ಜಾಯಿಂಟ್ ಬಾಗಿದಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಸ್ವಲ್ಪ ಬಾಗಿದರೆ ಗೊತ್ತಾಗುವುದಿಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅದೇ ನಡುಕ ಕೈಗೆ ಬರುತ್ತದೆ. ಆದ್ದರಿಂದ ಚಕ್ರದ ಹತ್ತಿರ ವೇಗ ಸಮನಾಗಿಡುವ ಜೋಡಣೆ ಬೇಕು. ಅದು ಬದುಕಿರುವುದು ಬೂಟ್ ಎಂಬ ಒಂದು ರಬ್ಬರ್ ಚೀಲದ ಒಳಗಿನ ಗ್ರೀಸಿನಲ್ಲಿ.

ಮರುವರ್ಷ ಎಡಕ್ಕೆ ತಿರುಗಿಸಿದಾಗಲೆಲ್ಲ ಬಲಗಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ಒಂದು ಗ್ಯಾರೇಜಿಗೆ ಬಿಟ್ಟೆ. ಅವರು ಹರಿದ ಬೂಟಿಗೆ ಬೈಂಡಿಂಗ್ ವೈರ್ ಸುತ್ತಿ ಕಳಿಸಿದರು. ಮೂರೇ ವಾರಕ್ಕೆ ಸದ್ದು ದುಪ್ಪಟ್ಟಾಯಿತು. ಕೊನೆಗೆ ನಾನೇ ಅಂಗಳದಲ್ಲಿ ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು ಬಿಚ್ಚಿದೆ. ಬೂಟ್ ಸರಿಸಿ ಗ್ರೀಸನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದೆ. ಕಪ್ಪು ಬೆಣ್ಣೆಯ ಹಾಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಸಣ್ಣ ಮರಳಿನ ಹಾಗೆ ಕಿರಕಿರ ಅನ್ನುತ್ತಿತ್ತು. ಆ ಮರಳೇ ಉಕ್ಕನ್ನು ತಿಂದು ಹಳ್ಳ ಮಾಡಿತ್ತು. ಬಲಗಡೆಯದನ್ನು ಬದಲಿಸಲೇಬೇಕಾಯಿತು. ಎಡಗಡೆಯದು ಉಳಿಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮಾಲಿಬ್ಡಿನಮ್ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿ ಸರಿಯಾದ ಕ್ಲಿಪ್ ಬಿಗಿದೆ. ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಕೆಳಗೆ ಮಲಗಿ ಬೂಟಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೆ. ಬಿರುಕು ಹುಟ್ಟುವುದು ಮಡಿಕೆಯ ಸಂದಿಯಲ್ಲೇ, ಹೊರಗಿನಿಂದ ಕಾಣುವುದಿಲ್ಲ. ಬೂಟಿನ ಬೆಲೆ ಜಾಯಿಂಟಿನ ಬೆಲೆಯ ಮುಂದೆ ಏನೂ ಅಲ್ಲ, ಇದನ್ನು ದಯವಿಟ್ಟು ತಡ ಮಾಡಬೇಡಿ.

ಇನ್ನೊಂದು ಉಪಾಯ. ಮಳೆಗಾಲದಲ್ಲಿ ಕೆಲವು ಮನೆಗಳ ಮಣ್ಣಿನ ಏರು ಎಷ್ಟು ಮಾಡಿದರೂ ಹತ್ತುತ್ತಿರಲಿಲ್ಲ. ಆಗ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದೆ. ಈಗ ಎಳೆಯುವ ಚಕ್ರ ಇಳಿಜಾರಿನ ಕೆಳಬದಿಗೆ ಬಂತಲ್ವಾ, ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಮೊದಲ ಸಲ ಹತ್ತಿದಾಗ ನಿಜಕ್ಕೂ ಕಣ್ಣು ತುಂಬಿ ಬಂತು. ಆದರೆ ಕೆಳಗೆ ಯಾರೂ ನಿಂತಿರಬಾರದು, ಹಿಂದೆ ನೋಡಲು ಒಬ್ಬರು ಬೇಕೇ ಬೇಕು.

ಈಗ ನನ್ನ ಹತ್ತಿರ ಹಿಂದಿನ ಚಕ್ರದಿಂದ ತಳ್ಳುವ ಮಿನಿ ಟ್ರಕ್ ಇದೆ. ಅದರಲ್ಲಿ ಮೂಟೆ ಎಲ್ಲಿಟ್ಟರೂ ಏರು ಹತ್ತುತ್ತದೆ. ಆದರೆ ಹಲಗೆ ನನ್ನ ಎದೆಯ ಹತ್ತಿರ. ಕೊಪ್ಪದ ದಾರಿಯಲ್ಲಿ ಒಬ್ಬರು ಅಜ್ಜಿಯ ಅಂಗಡಿ ಇದೆ. ಮೆಟಾಡೋರ್ ಇದ್ದಾಗ ಅವರು ಯಾರನ್ನೂ ಕಾಯುತ್ತಿರಲಿಲ್ಲ. ಬಾಗಿಲು ತೆಗೆದು, ಉಪ್ಪಿನ ಸಣ್ಣ ಚೀಲಗಳನ್ನು ತಾವೇ ಅಂಚಿಗೆ ಎಳೆದು, ಮೊಣಕಾಲಿಗೆ ತಾಗಿಸಿ ಜಗಲಿಗೆ ಜಾರಿಸಿಕೊಳ್ಳುತ್ತಿದ್ದರು. ಈಗ ನಾನು ಹತ್ತಿ ಕೊಡುವವರೆಗೆ ಕೆಳಗೆ ಕೈ ಎತ್ತಿ ನಿಂತಿರುತ್ತಾರೆ.