ಫೋನ್ ಅಟ್ಟದಲ್ಲಿ, ನಾನು ಜಗಲಿಯಲ್ಲಿ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ. ಅಟ್ಟದ ಮೇಲೆ, ಬೆಳಕಿಂಡಿಯ ಪಕ್ಕ. ನನ್ನ ಕೆಲಸ ಬೆಂಗಳೂರಿನದು, ಆದರೆ ತಿಂಗಳಲ್ಲಿ ಹತ್ತು ದಿನ ಅಮ್ಮನ ಜೊತೆ ಊರಲ್ಲಿರುತ್ತೇನೆ. ಎರಡು ಮಳೆಗಾಲ ಅಡಿಕೆ ಚೀಲಗಳ ನಡುವೆ ಕುತ್ತಿಗೆ ಬಗ್ಗಿಸಿ ಕೂತು ಮೀಟಿಂಗ್ ಮುಗಿಸಿದ್ದೇನೆ. ಹಂಚಿನ ಮೇಲೆ ಮಳೆ ಜೋರಾದರೆ ನನ್ನ ಮಾತು ಆ ಕಡೆ ಯಾರಿಗೂ ಕೇಳುತ್ತಿರಲಿಲ್ಲ.

ಫೋನನ್ನು ಅಲ್ಲೇ ಬಿಟ್ಟು ಹಾಟ್‌ಸ್ಪಾಟ್ ಹಾಕಿದರೆ ಆಯ್ತಲ್ವಾ ಅನ್ನಿಸಬಹುದು. ನಾನೂ ಮೊದಲು ಅದನ್ನೇ ಮಾಡಿದೆ. ಕೆಳಗಿನ ಕೋಣೆಗೆ ಬರುವಷ್ಟರಲ್ಲಿ ವೈಫೈ ಸೊರಗುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಎದ್ದರೆ ಹಾಟ್‌ಸ್ಪಾಟ್ ತಾನಾಗಿ ಆಫ್. ಮತ್ತೆ ಏಣಿ ಹತ್ತು, ಆನ್ ಮಾಡು. ಸಂಜೆಯೊಳಗೆ ಬ್ಯಾಟರಿ ಖಾಲಿ.

ಕಳೆದ ವರ್ಷ ಒಂದು ಟ್ರಾವೆಲ್ ರೂಟರ್ ಕೊಂಡೆ, ಅಂದರೆ ಬ್ಯಾಗಿನಲ್ಲಿ ಒಯ್ಯಬಹುದಾದ, ನೆಟ್ಟನ್ನು ವೈಫೈ ಆಗಿ ಹಂಚುವ ಸಾಧನ. ಜಿಎಲ್.ಐನೆಟ್‌ನ ಮ್ಯಾಂಗೊ ಅಂತ, ಹಳದಿ ಬಣ್ಣದ ಪುಟ್ಟ ಡಬ್ಬಿ. ತೂಕ 40 ಗ್ರಾಂ ಆಸುಪಾಸು, ಅಂಗೈಯಲ್ಲಿ ಕೂರುತ್ತದೆ. ಒಳಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ, ರೂಟರ್‌ಗಳಿಗೆಂದೇ ಇರುವ ಮುಕ್ತ ತಂತ್ರಾಂಶ ಇದೆ. ಇದರಲ್ಲಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ, 5 ಗಿಗಾಹರ್ಟ್ಸ್ ಇಲ್ಲ. ನಮ್ಮ ಮನೆಗೆ ಅದೇ ಒಳ್ಳೆಯದಾಯಿತು. 2.4 ಗಿಗಾಹರ್ಟ್ಸ್ ಗೋಡೆ, ಹಲಗೆ ದಾಟುವುದರಲ್ಲಿ ಗಟ್ಟಿ. ಅಟ್ಟದ ಮರದ ಹಲಗೆಯಿಂದ ಸಲೀಸಾಗಿ ಕೆಳಗಿಳಿಯುತ್ತದೆ.

ರೂಟರ್‌ಗಿಂತ ಮೊದಲು ಜಾಗ ನೋಡಬೇಕು. ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂತ ಕಾಣುತ್ತದೆ. ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನ. ನಮ್ಮ ಜಗಲಿಯಲ್ಲಿ ಮೈನಸ್ 118. ಬೆಳಕಿಂಡಿ ಪಕ್ಕ ಮೈನಸ್ 101. ಹದಿನೇಳೇ ಅಂಕಿ ವ್ಯತ್ಯಾಸ ಅನ್ನಿಸುತ್ತದೆ, ಆದರೆ 10 ಡಿಬಿ ಏರಿದರೆ ಸಿಗ್ನಲ್ 10 ಪಟ್ಟು ಏರಿದಂತೆ. 17 ಅಂದರೆ 50 ಪಟ್ಟು! ಹಳೆಯ ತಗಡಿನ ಪೆಟ್ಟಿಗೆಯಿಂದ ಫೋನನ್ನು ಎರಡು ಅಡಿ ದೂರ ಸರಿಸಿದ್ದಕ್ಕೇ ಮೂರು ನಾಲ್ಕು ಅಂಕಿ ಸುಧಾರಿಸಿತು.

ಫೋನನ್ನು ರೂಟರ್‌ಗೆ ಸೇರಿಸಲು ಎರಡು ದಾರಿ. ಫೋನಿನ ಹಾಟ್‌ಸ್ಪಾಟ್ ಹಿಡಿದು ರೂಟರ್ ಅದನ್ನೇ ಮುಂದಕ್ಕೆ ಹಂಚುವುದು ಒಂದು. ಆಗ ಒಂದೇ ರೇಡಿಯೊ ಎರಡೂ ಕಡೆ ದುಡಿಯಬೇಕು, ವೇಗ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಯುಎಸ್‌ಬಿ ಟೆಥರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕವೇ ಕೊಡುವುದು. ಫೋನಿನಿಂದ ರೂಟರ್‌ಗೆ ಕೇಬಲ್ ಹಾಕಿ, ಫೋನಿನಲ್ಲಿ ಟೆಥರಿಂಗ್ ಆನ್ ಮಾಡಿ, ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ ಪುಟ 192.168.8.1 ತೆರೆದು, ಟೆಥರಿಂಗ್ ಆರಿಸಿದರೆ ಮುಗಿಯಿತು. ನಾನು ಕೇಬಲನ್ನೇ ಹಿಡಿದೆ.

ಆದರೆ ಆ ಕೇಬಲ್ ನನ್ನ ಒಂದಿಡೀ ಸಂಜೆ ತಿಂದಿತು. ಫೋನ್ ಚಾರ್ಜ್ ಆಗುತ್ತಿದೆ, ಟೆಥರಿಂಗ್ ಗುಂಡಿ ಮಾತ್ರ ಮಸುಕಾಗಿಯೇ ಇದೆ. ರೂಟರ್ ರೀಸೆಟ್ ಮಾಡಿದೆ, ಫೋನ್ ರೀಸ್ಟಾರ್ಟ್ ಮಾಡಿದೆ, ಏನೂ ಇಲ್ಲ. ಕೊನೆಗೆ ಅದೇ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಅಲ್ಲೂ ಚಾರ್ಜ್ ಮಾತ್ರ. ಅದರೊಳಗೆ ಡೇಟಾ ತಂತಿಯೇ ಇರಲಿಲ್ಲ! ಕೇಬಲ್ ಬದಲಿಸಿದೆ, ಅರ್ಧ ನಿಮಿಷದಲ್ಲಿ ನೆಟ್ ಬಂತು. ಜಗಲಿಯಲ್ಲಿ 1 ಎಂಬಿಪಿಎಸ್‌ಗೂ ಒದ್ದಾಡುತ್ತಿದ್ದವನಿಗೆ ಅಲ್ಲೇ ಕೂತು 9 ಎಂಬಿಪಿಎಸ್ ಕಂಡಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಕರೆಂಟ್ ಹೋಗಿ ಬಂದರೆ ಟೆಥರಿಂಗ್ ಆಫ್ ಆಗುತ್ತಿತ್ತು. ಇದಕ್ಕೆ ಫೋನಿನಲ್ಲೇ ಮದ್ದಿದೆ. ಅಬೌಟ್ ಫೋನ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್‌ಗೆ ಟೆಥರಿಂಗ್ ಅಂತ ಕೊಟ್ಟೆ. ಆಮೇಲೆ ರೂಟರ್ ಎದ್ದ ಕೂಡಲೇ ನೆಟ್ಟೂ ಏಳುತ್ತಿದೆ. ರೂಟರ್‌ಗೆ 5 ವೋಲ್ಟ್ 1 ಆಂಪ್ ಸಾಕು, ಆದರೆ ಫೋನೂ ಅದರಿಂದಲೇ ಕರೆಂಟ್ ಎಳೆಯುವುದರಿಂದ 2 ಆಂಪ್ ಚಾರ್ಜರ್ ಹಾಕಿದ್ದೇನೆ. ನಡುವೆ 10,000 ಎಂಎಎಚ್ ಪವರ್‌ಬ್ಯಾಂಕ್ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಚಾರ್ಜ್ ಆಗುತ್ತಲೇ ಕರೆಂಟ್ ಕೊಡುವ ಪವರ್‌ಬ್ಯಾಂಕ್ ಬೇಕು, ಎಲ್ಲವೂ ಹಾಗಿರುವುದಿಲ್ಲ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಅಟ್ಟದಲ್ಲಿಟ್ಟಿದ್ದು ಪರದೆ ಒಡೆದ ಹಳೇ ಫೋನ್. ಹಗಲೂ ರಾತ್ರಿ ಚಾರ್ಜ್‌ನಲ್ಲೇ ಇತ್ತು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಹತ್ತಿ ನೋಡಿದರೆ ಹಿಂದಿನ ಮುಚ್ಚಳ ಬಿಟ್ಟುಕೊಂಡಿತ್ತು, ಬ್ಯಾಟರಿ ಊದಿತ್ತು. ಸುತ್ತ ಒಣ ಅಡಿಕೆ, ಗೋಣಿಚೀಲ, ಮರದ ಹಲಗೆ. ಎದೆ ಝಲ್ ಅಂತು. ಈಗಿರುವ ಫೋನಿನಲ್ಲಿ 80 ಶೇಕಡಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ. ಕವರ್ ತೆಗೆದು, ಕಡಪ ಕಲ್ಲಿನ ತುಂಡಿನ ಮೇಲೆ ಇಟ್ಟಿದ್ದೇನೆ. ಸುತ್ತ ಎರಡು ಅಡಿ ಏನೂ ಇಡುವುದಿಲ್ಲ. ರಾತ್ರಿ ಮಲಗುವಾಗ ಎಲ್ಲ ಆಫ್.

ಡೇಟಾದ ಕಡೆಯೂ ಗಮನ ಇರಲಿ. ನನ್ನದು ದಿನಕ್ಕೆ 2 ಜಿಬಿ ಪ್ಯಾಕ್. ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಮೊದಲ ದಿನ ಬೆಳಿಗ್ಗೆ ಹತ್ತಕ್ಕೇ ಖಾಲಿ, ಯಾಕೆಂದರೆ ಲ್ಯಾಪ್‌ಟಾಪ್ ಇದನ್ನು ಮನೆಯ ಬ್ರಾಡ್‌ಬ್ಯಾಂಡ್ ಅಂತಲೇ ತಿಳಿದು ಅಪ್‌ಡೇಟ್ ಇಳಿಸಿಕೊಂಡಿತ್ತು. ಲ್ಯಾಪ್‌ಟಾಪ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಮೀಟರ್ಡ್ ಕನೆಕ್ಷನ್ (ಡೇಟಾಕ್ಕೆ ಮಿತಿ ಇದೆ ಅಂತ ತಿಳಿಸುವ ಆಯ್ಕೆ) ಆನ್ ಮಾಡಿದ ಮೇಲೆ ಅದರ ಕಾಟ ತಪ್ಪಿತು. ವಿಡಿಯೊ ಮೀಟಿಂಗ್ ನನಗೆ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಹಾಗಾಗಿ ನಮಸ್ಕಾರ ಹೇಳಿ ಕ್ಯಾಮೆರಾ ಮುಚ್ಚುತ್ತೇನೆ.

ಈಗ ವೈಫೈ ಹೆಸರು, ಪಾಸ್‌ವರ್ಡ್ ಯಾವಾಗಲೂ ಒಂದೇ. ನಡುವೆ ಒಮ್ಮೆ ಸಿಮ್ ಬದಲಿಸಿದೆ, ಅಮ್ಮನಿಗೆ ಗೊತ್ತೇ ಆಗಲಿಲ್ಲ. ಗುಡುಗು ಶುರುವಾದರೆ ಅಮ್ಮನೇ ಕೆಳಗಿನ ಸ್ವಿಚ್ ಬೋರ್ಡಿನಿಂದ ಪ್ಲಗ್ ಕೀಳುತ್ತಾರೆ. ಪವರ್‌ಬ್ಯಾಂಕ್ ಮೇಲೆ ನೆಟ್ ನಡೆಯುತ್ತಲೇ ಇರುತ್ತದೆ.

ಮೊದಮೊದಲು ಬೆಂಗಳೂರಿಗೆ ಹೊರಡುವಾಗ ರೂಟರನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಸಲ ಅಮ್ಮ ಬಾಗಿಲ ತನಕ ಬಂದು, "ಅದನ್ನ ಇಲ್ಲೇ ಬಿಟ್ಟು ಹೋಗ್ತೀಯಾ? ರಾತ್ರಿ ಅಕ್ಕನ ಮುಖ ನೋಡಬಹುದು" ಅಂದರು. ಪ್ರಯಾಣಕ್ಕೆ ಇನ್ನೊಂದು ಕೊಂಡೆ.