ಹಳೇ ಆಕ್ಟೇವಿಯಾಗೆ ಹೊಸ ಈಸಿಯು: ಡೈನೋಗಿಂತ ಬೆಳಗಿನ ಸ್ಟಾರ್ಟೇ ಕಷ್ಟ

ಗಾಡಿಗೆ ಹೊಸ ಈಸಿಯು (ಪೆಟ್ರೋಲ್, ಸ್ಪಾರ್ಕ್ ನೋಡಿಕೊಳ್ಳುವ ಎಂಜಿನ್ ಕಂಪ್ಯೂಟರ್) ಹಾಕಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಎಷ್ಟು ಹಾರ್ಸ್‌ಪವರ್ ಬಂತು ಅಂತ. ನಿಜ ಹೇಳಬೇಕೆಂದರೆ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಫುಲ್ ಥ್ರಾಟಲ್ ಕೊಟ್ಟು ಟ್ಯೂನ್ ಮಾಡುವುದು ಈ ಕೆಲಸದಲ್ಲಿ ಸುಲಭದ ಭಾಗ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಬೇಕು. ರೇಡಿಯೇಟರ್ ಫ್ಯಾನ್ ತಿರುಗಿದರೂ ಐಡ್ಲಿಂಗ್ ಬೀಳಬಾರದು. ಎರಡನೇ ಗೇರಿನಲ್ಲಿ ಕಾಲು ಎತ್ತಿ ಮತ್ತೆ ಒತ್ತಿದರೆ ಗಾಡಿ ಎಗರಬಾರದು. ವಾರಗಟ್ಟಲೆ ಸಮಯ ತಿನ್ನುವುದು ಇವೇ.

ನಾನು ಹೇಳುತ್ತಿರುವುದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಗ್ಗೆ. 1.8 ಲೀಟರ್, 20 ವಾಲ್ವ್, ಟರ್ಬೊ, ಕಂಪನಿಯಿಂದ ಬಂದಾಗ 150 ಪಿಎಸ್. ಟರ್ಬೊ, ಇಂಜೆಕ್ಟರ್, ಪೆಟ್ರೋಲ್ ಪಂಪ್ ಮೂರೂ ಬದಲಾಗಿರುವ ಗಾಡಿ. ಟ್ರ್ಯಾಕಿಗೆ ಮಾತ್ರ ಹೋಗುತ್ತದೆ, ಅದೂ ಲಾರಿ ಮೇಲೆ. ರಸ್ತೆಯಲ್ಲಿ ಓಡುವ ಗಾಡಿಗೆ ಹೀಗೆ ಮಾಡಿಕೊಡಿ ಅಂತ ಬಂದವರಿಗೆ ಗಾಡಿ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಸಿ ಕಳಿಸುತ್ತೇನೆ. ಇನ್ನೊಂದು ಮಾತು. ಟರ್ಬೊ ಕಂಪನಿಯದ್ದೇ ಇದ್ದರೆ ಹೊಸ ಈಸಿಯು ಸುಮ್ನೆ ದುಡ್ಡು ದಂಡ. ಗಾಡಿಯ ಜೊತೆಗೇ ಬರುವ ಬಾಷ್ ಈಸಿಯು ತುಂಬಾ ಜಾಣ. ಅದನ್ನೇ ರೀಮ್ಯಾಪ್ ಮಾಡಿದರೆ, ಅಂದರೆ ಒಳಗಿನ ನಂಬರುಗಳನ್ನು ಬದಲಿಸಿದರೆ ಸಾಕು. ಇಂಜೆಕ್ಟರ್ ದೊಡ್ಡದಾಗಿ, ಏರ್‌ಫ್ಲೋ ಮೀಟರ್ ತೆಗೆದು, ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ) ಹಳೆಯ ಸೆನ್ಸರಿನ ಅಳತೆ ಮೀರಿದಾಗ ಮಾತ್ರ ಬೇರೆ ದಾರಿ ನೋಡಬೇಕು.

ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಮೆಗಾಸ್ಕ್ವರ್ಟ್ ಈಸಿಯು ಇದೆ, ಆರ್ಡ್ವಿನೋ ಬೋರ್ಡಿನ ಮೇಲೆ ಕಟ್ಟಿದ ಸ್ಪೀಡ್ವಿನೋ ಇದೆ. ಎರಡನ್ನೂ ಬೇರೆ ಗಾಡಿಗಳಲ್ಲಿ ಬಳಸಿದ್ದೇನೆ, ಇಷ್ಟವೂ ಹೌದು. ಆದರೆ ಈ ಆಕ್ಟೇವಿಯಾದಲ್ಲಿ ಆಕ್ಸಿಲರೇಟರ್ ಕೇಬಲ್ಲೇ ಇಲ್ಲ, ಥ್ರಾಟಲ್ ಮೋಟಾರಿನಿಂದ ತೆರೆಯುತ್ತದೆ. ಆ ಎರಡಕ್ಕೂ ಅದನ್ನು ನಡೆಸಲು ಬೇರೆ ಡಬ್ಬಿ ಬೇಕು. ಹಾಗಾಗಿ ಪೋಲೆಂಡಿನ ಇಸಿಯುಮಾಸ್ಟರ್ ಇಎಂಯು ಬ್ಲ್ಯಾಕ್ ತರಿಸಿದೆವು. ಥ್ರಾಟಲ್ ಮೋಟಾರ್, ವೈಡ್‌ಬ್ಯಾಂಡ್ (ಹೊಗೆ ನೋಡಿ ಮಿಶ್ರಣ ಅಳೆಯುವ ಸೆನ್ಸರ್), ನಾಕ್ ಸೆನ್ಸರ್ (ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು, ಅಂದರೆ ನಾಕ್ ಹಿಡಿಯುವುದು), ಮ್ಯಾಪ್ ಸೆನ್ಸರ್ (ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವುದು) ಎಲ್ಲ ಅದರ ಒಳಗೇ ನೋಡಿಕೊಳ್ಳುತ್ತದೆ.

ವೈರಿಂಗ್‌ಗೆ ಗಾಡಿಯ ಮೂಲ ಹಾರ್ನೆಸ್ (ವೈರುಗಳ ಕಟ್ಟು) ಕತ್ತರಿಸಲಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಕೆಟ್ಟುಹೋದ ಹಳೇ ಈಸಿಯು ತಂದು, ಅದರ 121 ಪಿನ್ನಿನ ಸಾಕೆಟ್ ಬಿಚ್ಚಿ, ಹೊಸ ಈಸಿಯುಗೆ ಜೋಡಿಸಿ ಅಡಾಪ್ಟರ್ ಮಾಡಿಕೊಂಡೆ. ವೈರು, ಟರ್ಮಿನಲ್ಲು, ಹೀಟ್‌ಶ್ರಿಂಕ್ ಎಲ್ಲ ಎಸ್.ಪಿ. ರೋಡಿನದ್ದು. ಇಲ್ಲಿ ನನ್ನ ಹಟ ಅರ್ಥ್ ವಿಚಾರದಲ್ಲಿ. ಇಂಜೆಕ್ಟರ್, ಕಾಯಿಲ್‌ಗಳ ಅರ್ಥ್ ಸಿಲಿಂಡರ್ ಹೆಡ್ಡಿಗೆ ಹೋಗುತ್ತದೆ. ಸೆನ್ಸರುಗಳ ಅರ್ಥ್ ಈಸಿಯುಗೆ ಮಾತ್ರ, ಬಾಡಿಗೆ ಎಲ್ಲೂ ತಾಗುವಂತಿಲ್ಲ. ಎಂಜಿನ್ ತಿರುಗುವುದನ್ನು ನೋಡುವ ಕ್ರ್ಯಾಂಕ್ ಸೆನ್ಸರಿನ ಶೀಲ್ಡ್ ಒಂದೇ ತುದಿಯಲ್ಲಿ, ಅದೂ ಈಸಿಯು ಕಡೆ ಅರ್ಥ್ ಆಗಬೇಕು. ಇದನ್ನು ಉಡಾಫೆ ಮಾಡಿದ ಗಾಡಿಗಳು 5,000 ಆರ್‌ಪಿಎಂ ಮೇಲೆ ಮಿಸ್ ಹೊಡೆಯುತ್ತಾ ನನ್ನ ಹತ್ತಿರ ಬರುತ್ತವೆ. ಮಾಲೀಕರು ಅಷ್ಟರಲ್ಲಿ ಕಾಯಿಲ್, ಪ್ಲಗ್ ಎಲ್ಲ ಹೊಸದು ಹಾಕಿ ಮುಗಿಸಿರುತ್ತಾರೆ.

ಈ ಎಂಜಿನ್ನಿನ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಇಲ್ಲ. ಆ ಖಾಲಿ ಜಾಗ ನೋಡಿಯೇ ಈಸಿಯುಗೆ ಪಿಸ್ಟನ್ ಎಲ್ಲಿದೆ ಅಂತ ತಿಳಿಯುವುದು. ಇಂಜೆಕ್ಟರ್ ಪ್ಲಗ್ ಕಿತ್ತು, ಸೆಲ್ಫ್ ಹೊಡೆದು, ಮೊದಲು ಆಸಿಲೋಸ್ಕೋಪಿನಲ್ಲಿ ಸಿಗ್ನಲ್ ನೋಡಿದೆ. ಸೆನ್ಸರಿನ ಎರಡು ವೈರು ಅದಲು ಬದಲಾದರೂ ಗಾಡಿ ಸ್ಟಾರ್ಟ್ ಆಗಿಬಿಡಬಹುದು, ಆದರೆ ಟೈಮಿಂಗ್ (ಸ್ಪಾರ್ಕ್ ಬೀಳುವ ಹೊತ್ತು, ಕ್ರ್ಯಾಂಕಿನ ಡಿಗ್ರಿಯಲ್ಲಿ) ಎಲ್ಲೋ ಇರುತ್ತದೆ. ಅದಕ್ಕೇ ಸ್ಟಾರ್ಟ್ ಆದ ಮೇಲೆ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತಿನ ಜೊತೆ ತಾಳೆ ನೋಡುವುದು. ಐಡ್ಲಿಂಗಿನಲ್ಲಿ ಸರಿಯಿದೆ ಅಂತ ಬಿಡಬಾರದು. 4,000ಕ್ಕೆ ರೇಸ್ ಮಾಡಿ ನೋಡಿ. ಗುರುತು ಅಲ್ಲಾಡದೆ ನಿಂತರೆ ಮಾತ್ರ ಮುಂದಿನ ಕೆಲಸ. ಲ್ಯಾಪ್‌ಟಾಪಿನಲ್ಲಿ ಕಾಣುವ ಡಿಗ್ರಿಯೂ ಎಂಜಿನ್ನಿನ ಡಿಗ್ರಿಯೂ ಬೇರೆ ಬೇರೆ ಇದ್ದರೆ ಆಮೇಲೆ ಹಾಕುವ ಒಂದೊಂದು ನಂಬರೂ ಸುಳ್ಳು.

ಇಂಜೆಕ್ಟರ್ ವಿಚಾರಕ್ಕೆ ಬರುತ್ತೇನೆ. ಹಾಕಿದ್ದು ನಿಮಿಷಕ್ಕೆ 550 ಸಿಸಿ ಪೆಟ್ರೋಲ್ ಬಿಡುವುದು. ಎಷ್ಟು ಸಿಸಿ ಅಂತ ಎಲ್ಲರೂ ಕೇಳುತ್ತಾರೆ, ಡೆಡ್ ಟೈಮ್ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಕರೆಂಟ್ ಕೊಟ್ಟ ಮೇಲೆ ಇಂಜೆಕ್ಟರ್ ನಿಜವಾಗಿ ತೆರೆಯಲು ಹಿಡಿಯುವ ಹೊತ್ತು ಅದು. 14 ವೋಲ್ಟಿಗೆ ಹೆಚ್ಚುಕಡಿಮೆ 1 ಮಿಲಿಸೆಕೆಂಡ್, ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿಗೆ ಕುಸಿದರೆ ಇನ್ನೂ ಜಾಸ್ತಿ. ಐಡ್ಲಿಂಗಿನಲ್ಲಿ ಒಟ್ಟು ಪಲ್ಸೇ 2 ಮಿಲಿಸೆಕೆಂಡ್ ಆಸುಪಾಸು, ಅಂದರೆ ಅರ್ಧದಷ್ಟು ಬರೀ ತೆರೆಯುವುದಕ್ಕೇ ಹೋಯಿತು. ಹೆಡ್‌ಲೈಟ್ ಹಾಕಿದ ಕೂಡಲೇ ಐಡ್ಲಿಂಗ್ ನಡುಗುವ ಗಾಡಿ ನೋಡಿದ್ದೀರಲ್ವಾ? ಬಹಳ ಸಲ ಅದು ಈಸಿಯುನಲ್ಲಿ ಯಾವ ವೋಲ್ಟಿಗೆ ಎಷ್ಟು ಡೆಡ್ ಟೈಮ್ ಅಂತ ತುಂಬುವ ಟೇಬಲ್ಲಿನ ತೊಂದರೆ. ಇಂಜೆಕ್ಟರ್ ಮಾಡಿದವರ ಡೇಟಾಶೀಟ್ ಇಲ್ಲದ ಇಂಜೆಕ್ಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಹಾಕುವುದಿಲ್ಲ.

ಗಾಳಿ-ಪೆಟ್ರೋಲ್ ಮಿಶ್ರಣವನ್ನು ನಾನು ಲ್ಯಾಂಬ್ಡಾದಲ್ಲೇ ನೋಡುತ್ತೇನೆ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಇದೆ ಅಂತ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಅನ್ನುವ ನಂಬರ್ ಎಥನಾಲ್ ಇಲ್ಲದ ಪೆಟ್ರೋಲಿನದ್ದು. ಈಗ ಬಂಕಿನಲ್ಲಿ ಸಿಗುವ ಇ20ಗೆ (ಶೇಕಡ 20 ಎಥನಾಲ್ ಬೆರೆಸಿದ್ದು) ಅದು ಸುಮಾರು 13.5. ಲ್ಯಾಂಬ್ಡಾ 1 ಅಂದರೆ ಯಾವ ಪೆಟ್ರೋಲಿಗೂ 1. ನಿಧಾನ ಓಡಿಸುವಾಗ 1ರ ಹತ್ತಿರ, ಪೂರ್ತಿ ಬೂಸ್ಟಿನಲ್ಲಿ 0.80 ಆಸುಪಾಸು ಇಟ್ಟೆ.

ಕೋಲ್ಡ್ ಸ್ಟಾರ್ಟಿನ ಕಷ್ಟ ಏನೆಂದರೆ ದಿನಕ್ಕೆ ಒಂದೇ ಅವಕಾಶ. ಒಮ್ಮೆ ಸ್ಟಾರ್ಟ್ ಆದರೆ ಎಂಜಿನ್ ಬಿಸಿಯಾಯಿತು, ಆಮೇಲೆ ನಾಳೆ ಬೆಳಿಗ್ಗೆಯೇ. ಎಥನಾಲ್ ತಣ್ಣಗಿದ್ದಾಗ ಬೇಗ ಆವಿಯಾಗುವುದಿಲ್ಲ, ಹಾಗಾಗಿ ಹಳೇ ಪೆಟ್ರೋಲಿಗೆ ಮಾಡಿದ ಸ್ಟಾರ್ಟಿಂಗ್ ಟೇಬಲ್ ಈಗ ಸಾಲದು. ಬೆಂಗಳೂರಿನ ಡಿಸೆಂಬರ್ ಬೆಳಗು 15 ಡಿಗ್ರಿ, ಮಧ್ಯಾಹ್ನ 27. ಮಧ್ಯಾಹ್ನದ ಅಳತೆಗೆ ಮಾಡಿದ್ದು ಬೆಳಿಗ್ಗೆ ಸಾಯುತ್ತದೆ. ಕೂಲಂಟಿನ ಪ್ರತಿ ಬಿಸಿಗೂ ಮೂರು ಟೇಬಲ್ ಇವೆ: ಸೆಲ್ಫ್ ಹೊಡೆಯುವಾಗ ಎಷ್ಟು ಪೆಟ್ರೋಲ್, ಹಿಡಿದ ಮೊದಲ ಕೆಲವು ಸೆಕೆಂಡಿಗೆ ಎಷ್ಟು, ಬಿಸಿಯಾಗುವ ತನಕ ಎಷ್ಟು. ಒಂದು ಬೆಳಿಗ್ಗೆಗೆ ಒಂದನ್ನೇ ಮುಟ್ಟಬೇಕು. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೇ ಗೊತ್ತು.

ಐಡ್ಲಿಂಗ್ ಹಿಡಿದು ನಿಲ್ಲಿಸುವುದು ಗಾಳಿಗಿಂತ ಹೆಚ್ಚಾಗಿ ಟೈಮಿಂಗಿನಿಂದ. ಥ್ರಾಟಲ್ ತೆರೆದರೆ ಗಾಳಿ ಒಳಗೆ ಬಂದು ಫಲ ಕೊಡಲು ಸ್ವಲ್ಪ ಹೊತ್ತು ಬೇಕು, ಸ್ಪಾರ್ಕ್ ಬೇಗ ಬೀಳುವಂತೆ ಮಾಡಿದರೆ ಮರುಕ್ಷಣವೇ ಆರ್‌ಪಿಎಂ ಏರುತ್ತದೆ. ಹಾಗಾಗಿ ಐಡ್ಲಿಂಗ್ ಟೈಮಿಂಗನ್ನು ಬೇಕೆಂದೇ ಕಡಿಮೆ ಇಟ್ಟು, ಏರಿಸಲು ಜಾಗ ಬಿಟ್ಟಿರುತ್ತೇನೆ.

ಡೈನೋ ದಿನ. ಬೂಸ್ಟ್ ಕಂಟ್ರೋಲ್ ವಾಲ್ವ್ ಕಳಚಿ, ಬರೀ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಹೊರಗೆ ಬಿಡುವ ಬಾಗಿಲು) ಸ್ಪ್ರಿಂಗಿನ ಬೂಸ್ಟಿನಲ್ಲಿ ಶುರು. ರೆಗ್ಯುಲೇಟರ್ ಬೂಸ್ಟ್ ಏರಿದಷ್ಟೂ ಪೆಟ್ರೋಲ್ ಪ್ರೆಶರ್ ಏರಿಸುತ್ತಿದೆಯಾ ಅಂತ ಗೇಜಿನಲ್ಲಿ ನೋಡಿದ ಮೇಲೆಯೇ ವಾಲ್ವ್ ಜೋಡಿಸಿದ್ದು. ಟೈಮಿಂಗ್ ಕಡಿಮೆಯಿಂದ ಶುರು ಮಾಡಿ ಒಂದೊಂದೇ ಡಿಗ್ರಿ ಏರಿಸುವುದು. ಟಾರ್ಕ್ ಏರುವುದು ನಿಂತರೆ ನಾವೂ ನಿಲ್ಲಬೇಕು, ನಾಕ್ ಬರುವ ತನಕ ಕಾಯಬಾರದು. ಈ ಎಂಜಿನ್ನಿನ ಬೋರ್ 81 ಮಿಲಿಮೀಟರ್, ಆ ಲೆಕ್ಕಕ್ಕೆ ನಾಕ್ ಸದ್ದು ಸುಮಾರು 7 ಕಿಲೋಹರ್ಟ್ಸ್‌ನಲ್ಲಿ ಇರುತ್ತದೆ. ಫಿಲ್ಟರನ್ನು ಅಲ್ಲಿಗೆ ಇಟ್ಟು, ಕಿವಿಗೆ ಹೆಡ್‌ಫೋನ್ ಕೂಡ ಹಾಕಿಕೊಂಡಿದ್ದೆ. ಕಂಪ್ಯೂಟರ್ ವಾಲ್ವಿನ ಸದ್ದನ್ನೂ ನಾಕ್ ಅನ್ನಬಹುದು. ಕಿವಿಗೆ ಒಮ್ಮೆ ಅಭ್ಯಾಸವಾದರೆ ಮೋಸ ಹೋಗುವುದು ಕಡಿಮೆ.

ಬೆಂಗಳೂರಿನಲ್ಲಿ ಟ್ಯೂನ್ ಮಾಡುವವರಿಗೆ ಎತ್ತರದ ವಿಚಾರ ಗೊತ್ತಿರಲೇಬೇಕು. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್, ಚೆನ್ನೈನಲ್ಲಿ 101. ಇನ್‌ಟೇಕಿನಲ್ಲಿ ನಮ್ಮ ಗುರಿ ಒಟ್ಟು 210 ಕಿಲೋಪಾಸ್ಕಲ್ ಅಂತ ಇಟ್ಟರೆ ಇಲ್ಲಿ ಟರ್ಬೊ ಗಾಳಿಯನ್ನು 2.3 ಪಟ್ಟು ಒತ್ತಬೇಕು, ಅಲ್ಲಿ 2.1 ಪಟ್ಟು ಸಾಕು. ಅಲ್ಲಿಗೆ ಹೋದಾಗ ಅದೇ ವಾಲ್ವ್ ಸೆಟ್ಟಿಂಗಿಗೆ ಬೂಸ್ಟ್ ಗುರಿ ದಾಟಿ ಹೋಗುತ್ತದೆ. ಹೊರಗಿನ ಗಾಳಿಯ ಒತ್ತಡ ಅಳೆಯುವ ಬಾರೋ ಸೆನ್ಸರ್ ನೋಡಿ ವಾಲ್ವಿನ ಡ್ಯೂಟಿ (ಅದು ತೆರೆದಿರುವ ಪಾಲು) ಇಳಿಸುವ ಟೇಬಲ್ ಬೇಕು. ಮೇಲೆ ಚೆನ್ನೈನ ಬಿಸಿ ಬೇರೆ. ಇನ್‌ಟೇಕ್ ಗಾಳಿ 50 ಡಿಗ್ರಿ ದಾಟಿದರೆ ಟೈಮಿಂಗ್ ತಾನಾಗಿ ಕಡಿಮೆಯಾಗುವಂತೆ ಮಾಡಿದ್ದೇನೆ.

ಪೆಟ್ರೋಲ್ ಪ್ರೆಶರ್ ಅಥವಾ ಆಯಿಲ್ ಪ್ರೆಶರ್ ಬಿದ್ದರೆ, ಇಲ್ಲವೇ ಬೂಸ್ಟಿನಲ್ಲಿ ಮಿಶ್ರಣ ತೆಳುವಾದರೆ (ಪೆಟ್ರೋಲ್ ಕಡಿಮೆಯಾದರೆ) ಎಂಜಿನ್ ತಕ್ಷಣ ಕಟ್ ಆಗುತ್ತದೆ. ಇದನ್ನು ಬೇಕೆಂದೇ ಡೈನೋ ಮೇಲೆ ಪರೀಕ್ಷೆ ಮಾಡಿದೆ, ಸೆನ್ಸರಿನ ಪ್ಲಗ್ ಕಿತ್ತು. ಮಾಲೀಕರಿಗೆ ಇನ್ನೂ ಸ್ವಲ್ಪ ಬೂಸ್ಟ್ ಬೇಕು, ಯಾವಾಗಲೂ ಬೇಕು. ಇಂಜೆಕ್ಟರಿನಲ್ಲಿ ಜಾಗ ಇದೆ, ಪಂಪಿನಲ್ಲೂ ಇದೆ. ಆದರೆ ಈ ಎಂಜಿನ್ನಿನಲ್ಲಿ ಮೊದಲು ಬಾಗುವುದು ಕನೆಕ್ಟಿಂಗ್ ರಾಡ್, ಅದೂ ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ದಿಢೀರನೆ ಏರಿದಾಗ. ಹಾಗಾಗಿ 3,500 ತನಕ ಬೂಸ್ಟ್ ಮೆಲ್ಲಗೆ ಏರುವಂತೆ ಕಟ್ಟಿಹಾಕಿದ್ದೇನೆ. ಗಟ್ಟಿ ರಾಡ್ ಹಾಕಿಸುವ ತನಕ ಆ ಟೇಬಲ್ ಹಾಗೇ ಇರುತ್ತದೆ, ಫೈಲಿಗೆ ಪಾಸ್‌ವರ್ಡ್ ಕೂಡ ಇದೆ.