ವಾಡಾಮಲ್ಲಿ: ಓಣಂಗೆ ಒಂದು ಬೆಳೆ, ಒಣಗಿಸಲು ಇನ್ನೊಂದು

ಚೆಂಡಿನಂಥ ಪುಟ್ಟ ನೇರಳೆ ಹೂ ಬಿಡುವ ವಾಡಾಮಲ್ಲಿಯನ್ನು ನಾನು ವರ್ಷಕ್ಕೆ ಎರಡು ಸಲ ಹಾಕುತ್ತೇನೆ. ಮೇ ತಿಂಗಳಲ್ಲಿ ಬಿತ್ತಿದ್ದು ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದ್ದು ಒಣಗಿಸಲಿಕ್ಕೆ. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಮಳೆಯಲ್ಲಿ ಒಂದೇ ಬೆಳೆಯಿಂದ ಎರಡೂ ಕೆಲಸ ಆಗುವುದಿಲ್ಲ. ಆಗಸ್ಟಿನ ಹೂ ನೋಡಲು ಚಂದವೇ. ಆದರೆ ಕಟ್ಟಿ ತೂಗುಹಾಕಿದರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಪೂಕಳದವರಿಗೆ ಹೂ ಮಾತ್ರ ಸಾಕು, ದಂಟು ಬೇಡ. ಈಗ ಕೇರಳದ ಸ್ವಸಹಾಯ ಸಂಘ ಕುಟುಂಬಶ್ರೀಯ ಹೆಂಗಸರೂ ಚೆಂಡುಹೂವಿನ ಜೊತೆ ಇದನ್ನು ಬೆಳೆಯುತ್ತಾರೆ. ಓಣಂ ಮುಗಿದ ಮರುದಿನ ಅದನ್ನು ಕೇಳುವವರಿಲ್ಲ. ಹಾಗಾಗಿ ನನ್ನ ಮನಸ್ಸು ಜಾಸ್ತಿ ಇರುವುದು ಎರಡನೇ ಬೆಳೆಯ ಮೇಲೆ.

ಬೀಜದ ಮೈಗೆ ಬಿಳಿ ನಾರು ಅಂಟಿರುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟರೆ ಮೊಳಕೆ ಸಲೀಸು. ಸಸಿಗಳನ್ನು ಒಂದಡಿ ಅಂತರದಲ್ಲಿ ನೆಡುತ್ತೇನೆ. ನಮ್ಮದು ಮುರಕಲ್ಲು ಮಣ್ಣಿನ ಗುಡ್ಡೆ, ನೀರು ನಿಲ್ಲುವುದಿಲ್ಲ. ಈ ಗಿಡಕ್ಕೆ ಬೇಕಾದದ್ದೂ ಅದೇ. ಬುಡಕ್ಕೆ ಸುಡುಮಣ್ಣು, ಸ್ವಲ್ಪ ಹಟ್ಟಿಗೊಬ್ಬರ. ಗೊಬ್ಬರ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ಹೂ ತಡವಾಗುತ್ತದೆ. ಅರ್ಧ ಅಡಿ ಎತ್ತರ ಬಂದಾಗ ಕುಡಿ ಚಿವುಟಬೇಕು. ಆಗ ಕವಲು ಒಡೆದು ದಂಟುಗಳು ಹೆಚ್ಚು ಸಿಗುತ್ತವೆ. ಬಿತ್ತಿದ ಮೂರು ತಿಂಗಳಿಗೆಲ್ಲ ಕೊಯ್ಲು ಶುರು.

ಒಂದು ಹೂವನ್ನು ಹತ್ತಿರ ಹಿಡಿದು ನೋಡಿ. ಆ ನೇರಳೆ ಚೆಂಡಿನಲ್ಲಿರುವುದು ಎಸಳಲ್ಲ, ಕಾಗದದಷ್ಟು ಒಣ ಪತ್ರಕಗಳು, ಅಂದರೆ ಹೂವಿನ ಬುಡದ ಎಲೆಯಂಥ ಭಾಗಗಳು. ಅವುಗಳ ಸಂದಿಯಿಂದ ಇಣುಕುವ ಬಿಳಿ, ಹಳದಿ ಚುಕ್ಕೆಗಳೇ ಅಸಲಿ ಹೂ. ಪತ್ರಕದಲ್ಲಿ ಮೊದಲೇ ನೀರು ಕಡಿಮೆ. ಅದಕ್ಕೇ ಒಣಗಿದರೂ ಆಕಾರ ಕೆಡುವುದಿಲ್ಲ, ಬಣ್ಣವೂ ನಿಲ್ಲುತ್ತದೆ. ಗಿಡ ಹರಿವೆಯ ಕುಟುಂಬದ್ದು, ಬಣ್ಣ ಬೀಟ್‌ರೂಟಿನ ಬಣ್ಣದ ಗುಂಪಿನದು. ನೇಪಾಳದಲ್ಲಿ ಭಾಯಿ ಟೀಕಾ ಹಬ್ಬಕ್ಕೆ ಅಕ್ಕತಂಗಿಯರು ಅಣ್ಣತಮ್ಮಂದಿರ ಕೊರಳಿಗೆ ಹಾಕುವ ಮಾಲೆಯೂ ಇದೇ ಹೂವಿನದು. ಬಾಡದ ಹೂ ಅಲ್ವಾ!

ಎಲ್ಲ ಇರುವುದು ಕೊಯ್ಯುವ ಹದದಲ್ಲಿ. ಕೊಯ್ದ ಮೇಲೆ ಈ ಹೂ ಇನ್ನಷ್ಟು ಅರಳುವುದಿಲ್ಲ. ಎಳೆಯದನ್ನು ಕೊಯ್ದರೆ ಕತ್ತು ಬಗ್ಗುತ್ತದೆ. ಬಲಿತದ್ದಾದರೆ ಚೆಂಡು ಉದ್ದಕ್ಕೆ ಎಳೆದುಕೊಂಡು, ಅಡಿಭಾಗಕ್ಕೆ ಬೆರಳು ಸವರಿದರೆ ಸಾಕು, ಪುಡಿಪುಡಿಯಾಗಿ ಉದುರುತ್ತದೆ. ಅಂಥವನ್ನು ಬೀಜಕ್ಕೆ ಬಿಡುತ್ತೇನೆ. ದುಂಡಗೆ, ಗಟ್ಟಿಯಾಗಿ, ಪೂರ್ತಿ ಬಣ್ಣ ಬಂದದ್ದನ್ನು ಮಂಜಿನ ಪಸೆ ಆರಿದ ಮೇಲೆ ಉದ್ದ ದಂಟಿನ ಸಮೇತ ಕತ್ತರಿಸುವುದು.

ಎಲೆಗಳನ್ನೆಲ್ಲ ಸವರಿ ತೆಗೆದು ಹತ್ತು ಹನ್ನೆರಡು ದಂಟು ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಬಾಳೆನಾರು ಇಲ್ಲಿ ಕೆಲಸಕ್ಕೆ ಬಾರದು. ಒಣಗುತ್ತಾ ದಂಟು ಸಪುರವಾಗುತ್ತದೆ, ಕಟ್ಟು ಸಡಿಲಾಗಿ ಎಲ್ಲ ಜಾರಿ ಬೀಳುತ್ತದೆ. ರಬ್ಬರ್ ಆದರೆ ತಾನೇ ಬಿಗಿಯುತ್ತದೆ. ಮತ್ತೆ ತಲೆಕೆಳಗಾಗಿ ತೂಗುಹಾಕುವುದು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದ್ದರೂ ಅಲ್ಲಿ ಬೇಡ, ಬಿಸಿಲಿಗೆ ಬಣ್ಣ ಹೋಗುತ್ತದೆ. ಬಚ್ಚಲೊಲೆ ಮೇಲಿನ ಅಟ್ಟವೂ ಬೇಡ, ಹೊಗೆಗೆ ಬಿಳಿ ಜಾತಿಯ ವಾಡಾಮಲ್ಲಿ ಮಂಕಾಗುತ್ತದೆ. ಹಂಚಿನಡಿಯ, ಗಾಳಿಯಾಡುವ ಕತ್ತಲೆ ಕೋಣೆ ಒಳ್ಳೆಯದು. ಎರಡು ಮೂರು ವಾರ ಬೇಕು. ದಂಟು ಲಟಕ್ಕನೆ ಮುರಿದರೆ ಒಣಗಿದೆ ಎಂದು ಲೆಕ್ಕ.

ತೋರಣಕ್ಕಾದರೆ ಹಸಿಯಿರುವಾಗಲೇ ಸೂಜಿಯಲ್ಲಿ ಪೋಣಿಸಿ ಆಮೇಲೆ ಒಣಗಿಸಿ. ಒಣಗಿದ ಮೇಲೆ ಸೂಜಿ ಚುಚ್ಚಲು ಹೋದರೆ ಬುಡ ಗಟ್ಟಿ, ಹೂ ಒಡೆಯುತ್ತದೆ. ಕೊಳ್ಳಲು ಬಂದವರು "ಬಣ್ಣ ಹಾಕಿದ್ದಾ ಅಕ್ಕ?" ಎಂದು ಕೇಳುವುದುಂಟು. ಸುಮ್ನೆ ಒಂದು ಹೂ ಕಿತ್ತು ಅವರ ಅಂಗೈಯಲ್ಲೇ ಉಜ್ಜಿಸುತ್ತೇನೆ. ಒಣ ಕೈಗೆ ಬಣ್ಣ ಹತ್ತುವುದಿಲ್ಲ.

ಮಾರಿ ಉಳಿದದ್ದನ್ನು ಮೇ ಮುಗಿಯುವ ಮೊದಲೇ ಬಿಗಿ ಮುಚ್ಚಳದ ಡಬ್ಬಕ್ಕೆ ಸೇರಿಸಬೇಕು. ಮಾತ್ರೆ ಡಬ್ಬಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ನಾನು ವರ್ಷವಿಡೀ ಕೂಡಿಡುವುದು ಇದಕ್ಕೇ. ಜೂನ್ ಗಾಳಿ ತಾಗಿದರೆ ಒಣಗಿದ ಹೂವೂ ತೇವ ಎಳೆದುಕೊಂಡು ಮೆತ್ತಗಾಗುತ್ತದೆ.